ಗುಲಾಮನಿಗೆ ಮೂರು, ಚಾರಿಜಾರ್ಡ್‌ಗೆ ಎರಡು

ಹನ್ನೆರಡು ವರ್ಷದ ಹುಡುಗನ ಎದುರು ಸಾಲಾಗಿ ಒಂಬತ್ತು ಆಟ ಸೋತವನು ನಾನು. ಹುಡುಗ ನನ್ನ ಅಕ್ಕನ ಮಗ, ಆಟ ಪೋಕೆಮಾನ್ ಕಾರ್ಡ್. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕಸುಬು. ದಿನವಿಡೀ ಕ್ವಿಂಟಲ್, ದರ, ಮುಂಗಡ ಎಂದು ಕೂಡಿ ಕಳೆಯುವವನು ಆರರ ಒಳಗಿನ ಲೆಕ್ಕದಲ್ಲಿ ಸೋತೆ ಎಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈ ಆಟದ ಬಲಿಷ್ಠ ಕಾರ್ಡುಗಳನ್ನು ಕೊಂಡು ತಂದು, ಅವುಗಳಿಂದಲೇ ಸೋಲುವವರು ನನ್ನಂತೆ ಬೇರೆಯವರೂ ಇದ್ದಾರೆ.

ಅಕ್ಕನ ಮನೆ ತೀರ್ಥಹಳ್ಳಿಯ ಹತ್ತಿರ. ಜುಲೈ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಶಾಲೆಗೆ ರಜೆ, ತೋಟಕ್ಕೆ ಹೋಗುವಂತಿಲ್ಲ, ಕರೆಂಟು ಬಂದರೆ ಬಂತು. ಭಾನುವಾರ ನಾನು ಬಸ್ಸು ಹತ್ತಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಹೋಗುವ ಹೊತ್ತಿಗೆ ಅಳಿಯ ಜಗಲಿಯಲ್ಲಿ ಕಂಬಳಿ ಹಾಸಿ, ಕಾರ್ಡಿನ ಕಟ್ಟನ್ನು ಕಲಸುತ್ತ ಕೂತಿರುತ್ತಿದ್ದ.

ಅವನಿಗೆ ಮೊದಲು ಸಿಕ್ಕಿದ್ದು ಜಾತ್ರೆಯ ಅಂಗಡಿಯೊಂದರ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳು. ಒಂದೊಂದರ ಏಟೂ ಸಾವಿರದ ಲೆಕ್ಕದಲ್ಲಿತ್ತು. ನಿಜವಾದ ಆಟದಲ್ಲಿ ಮುನ್ನೂರು ಚಿಲ್ಲರೆ ಎಚ್‌ಪಿ (ಬೀಳುವ ಮೊದಲು ತಾಳಬಲ್ಲ ಏಟು) ಇದ್ದರೆ ಅದೇ ಆನೆ. ಇನ್ನೊಂದು ಗುರುತು ಅವನೇ ತೋರಿಸಿಕೊಟ್ಟ: ಅಸಲಿ ಕಾರ್ಡಿನ ಕಾಗದದ ಪದರಗಳ ನಡುವೆ ತೆಳ್ಳಗೆ ಒಂದು ಕಪ್ಪು ಪದರ ಇರುತ್ತದೆ, ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಅಷ್ಟಾಗಿ ಹಾಯುವುದಿಲ್ಲ. ಕಾಗದದ ನಕಲಿಯಾದರೆ ಲಾಟೀನಿನ ಗಾಜಿನಂತೆ ಬೆಳಗುತ್ತದೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಕಟ್ಟಿನಲ್ಲಿ 60 ಕಾರ್ಡು. ಏಟು ಹಾಕಲು ಪೋಕೆಮಾನ್‌ಗೆ ಜೋಡಿಸುವ ಮೂಲ ಎನರ್ಜಿ ಕಾರ್ಡುಗಳನ್ನು ಬಿಟ್ಟು ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಆಟದ ಮೊದಲಿಗೆ ಇಬ್ಬರೂ ತಮ್ಮ ಕಟ್ಟಿನಿಂದ ಆರು ಕಾರ್ಡನ್ನು ಮಗುಚಿ ಪಕ್ಕಕ್ಕಿಡುತ್ತಾರೆ. ಅವು ಪ್ರೈಜ್ ಕಾರ್ಡು. ಎದುರಾಳಿಯ ಒಂದು ಪೋಕೆಮಾನ್ ಕೆಡವಿದರೆ ನಿಮ್ಮ ಪ್ರೈಜ್‌ನಿಂದ ಒಂದನ್ನು ಎತ್ತಿಕೊಳ್ಳುತ್ತೀರಿ. ಆರೂ ಮುಗಿಸಿದವನು ಗೆದ್ದ. ಮುಂದೆ ನಿಂತು ಹೊಡೆದಾಡುವುದು ಒಂದೇ ಪೋಕೆಮಾನ್, ಹಿಂದೆ ಬೆಂಚಿನಲ್ಲಿ ಐದರವರೆಗೆ ಕೂರಬಹುದು.

ಬಲಿಷ್ಠ ಕಾರ್ಡುಗಳ ಕೆಳಗೆ ಒಂದು ಪಟ್ಟಿ ಇರುತ್ತದೆ. ಆಡುವವರು ಅದನ್ನು ರೂಲ್ ಬಾಕ್ಸ್ ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಬರೆದಿರುವುದು: ಇದು ಬಿದ್ದರೆ ಎದುರಾಳಿ ಎರಡು ಪ್ರೈಜ್ ಎತ್ತುತ್ತಾನೆ. ನಾನು ಆ ಸಾಲನ್ನು, ಬ್ಯಾಂಕಿನ ಸಾಲದ ಪತ್ರಕ್ಕೆ ಸಹಿ ಹಾಕುವವರು ಕೆಳಗಿನ ಸಣ್ಣ ಅಕ್ಷರವನ್ನು ಓದುವ ಹಾಗೆಯೇ ಓದಿದ್ದೆ. ಎಂದರೆ ಓದಿರಲಿಲ್ಲ.

ಅಳಿಯನ ತಗಡಿನ ಡಬ್ಬಿಯಲ್ಲಿ ಈ ಜಾತಿಯ ಎಲ್ಲ ತಲೆಮಾರೂ ಇದ್ದವು. ಬೆಂಗಳೂರಿನ ದೊಡ್ಡಪ್ಪನ ಮಗ ಆಡಿ ಬಿಟ್ಟದ್ದು ಇವನ ಪಾಲಿಗೆ ಬಂದಿತ್ತು. ಜಪಾನಿನಲ್ಲಿ 1996ರಲ್ಲಿ ಆಟ ಹುಟ್ಟಿದಾಗ ಈ ಗೊಡವೆ ಇರಲಿಲ್ಲ. ಇಂಗ್ಲಿಷ್ ಕಾರ್ಡುಗಳಲ್ಲಿ 2003ರಲ್ಲಿ ಸಣ್ಣಕ್ಷರದ ಇಎಕ್ಸ್ ಬಂತು, 2012ರಲ್ಲಿ ದೊಡ್ಡಕ್ಷರದ ಇಎಕ್ಸ್, 2017ರಲ್ಲಿ ಆಟಕ್ಕೆ ಒಂದೇ ಸಲ ಬಳಸಬಹುದಾದ ಏಟಿನ ಜಿಎಕ್ಸ್. 2019ರ ಟ್ಯಾಗ್ ಟೀಮ್ ಮತ್ತು 2020ರ ವಿಮ್ಯಾಕ್ಸ್ ಬಿದ್ದರೆ ಹೋಗುವುದು ಎರಡಲ್ಲ, ಮೂರು. 2022ರ ವಿಸ್ಟಾರ್ ಮತ್ತೆ ಎರಡಕ್ಕೆ ಇಳಿಯಿತು. 2023ರಲ್ಲಿ ಸಣ್ಣಕ್ಷರದ ಇಎಕ್ಸ್ ಹೊಸ ರೂಪದಲ್ಲಿ ಮರಳಿತು. ಹೆಸರು ಎಷ್ಟು ಸಲ ಬದಲಾದರೂ ಕರಾರು ಒಂದೇ: ಬಲವನ್ನು ಈಗ ತೆಗೆದುಕೊ, ಬೆಲೆಯನ್ನು ಬಿದ್ದಾಗ ಕೊಡು. ಬೆಳೆ ಬರುವ ಮೊದಲೇ ಮಂಡಿಯಲ್ಲಿ ಮುಂಗಡ ಎತ್ತಿದವರ ಖಾತೆಯನ್ನು ವರ್ಷವಿಡೀ ಬರೆಯುವ ನನಗೆ ಇದು ಮೊದಲ ದಿನವೇ ಹೊಳೆಯಬೇಕಿತ್ತು.

ಹೊಳೆಯಲಿಲ್ಲ. ನಾನು ಕಟ್ಟಿದ ಮೊದಲ ಕಟ್ಟಿನಲ್ಲಿ ಚಾರಿಜಾರ್ಡ್ ಇಎಕ್ಸ್ ನಾಲ್ಕು, ಪಿಜಿಯಾಟ್ ಇಎಕ್ಸ್ ಮೂರು, ಮತ್ತೂ ಮೂರ್ನಾಲ್ಕು ಹೊಳೆಯುವ ಇಎಕ್ಸ್‌ಗಳು. ಬೆಂಚು ತುಂಬ ದೊಡ್ಡವರೇ. ಮದುವೆ ಮನೆಯಲ್ಲಿ ಎಲ್ಲರೂ ಬೀಗರಾಗಿ, ಬಡಿಸುವವರೇ ಇಲ್ಲದಂತೆ. ಅಳಿಯ ಮೂರು ಕೆಡವುತ್ತಿದ್ದ, ಆರು ಎತ್ತುತ್ತಿದ್ದ, ಒಳಗೆ ಹೋಗಿ ಹಲಸಿನ ಹಪ್ಪಳ ತರುತ್ತಿದ್ದ.

ಒಂಬತ್ತನೆಯ ಸೋಲಿನ ರಾತ್ರಿ ಶಿವಮೊಗ್ಗಕ್ಕೆ ಮರಳಿದವನು ಒಂದು ನೋಟ್‌ಬುಕ್ಕಿನಲ್ಲಿ ಆಟಗಳನ್ನು ಜಮಾ ಖರ್ಚಿನ ರೂಪದಲ್ಲಿ ಬರೆದೆ. ಎಡಗಡೆ ನಾನು ಎತ್ತಿದ ಪ್ರೈಜ್, ಬಲಗಡೆ ಕೊಟ್ಟದ್ದು, ಯಾವ ಕಾರ್ಡಿನಿಂದ ಎಂದು. ಹಾಗೆ ಬರೆಯುವಾಗ ನೆನಪಾದದ್ದು ಅಜ್ಜನ ಮನೆಯ ಇಪ್ಪತ್ತೆಂಟು. ಮಳೆಗಾಲದಲ್ಲಿ ಆ ಜಗಲಿಯಲ್ಲಿ ನಡೆಯುತ್ತಿದ್ದ ಇಸ್ಪೀಟಿನ ಆಟ ಅದು. ಅದರಲ್ಲಿ ರಾಜ ರಾಣಿಗೆ ಸೊನ್ನೆ. ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು, ಒಂಬತ್ತಕ್ಕೆ ಎರಡು, ಗುಲಾಮನಿಗೆ ಮೂರು. ಒಂದು ಬಣ್ಣಕ್ಕೆ ಏಳರಂತೆ ನಾಲ್ಕು ಬಣ್ಣಕ್ಕೆ ಇಪ್ಪತ್ತೆಂಟು. ಗುಲಾಮ ಎಲ್ಲರಿಗಿಂತ ದೊಡ್ಡವನೂ ಹೌದು, ಹೆಚ್ಚು ಅಂಕ ಹೊತ್ತವನೂ ಹೌದು. ಅವನನ್ನು ಹೊತ್ತಲ್ಲದ ಹೊತ್ತಿನಲ್ಲಿ ಇಳಿಸಿ, ಎದುರಿನವರು ತುರುಫಿನಿಂದ ಕತ್ತರಿಸಿದರೆ ಮೂರೂ ಅಂಕ ಅವರ ಮನೆಗೆ. ಅಜ್ಜ ಗುಲಾಮನನ್ನು ಕೈಯಲ್ಲಿಟ್ಟುಕೊಂಡು ಏಳು ಎಂಟುಗಳನ್ನು ಮುಂದೆ ಬಿಡುತ್ತಿದ್ದ ತಾಳ್ಮೆಯನ್ನು ಹತ್ತು ವರ್ಷದವನಿದ್ದಾಗ ನೋಡಿ ಬೇಸರಪಟ್ಟಿದ್ದೆ.

ಆ ದೃಷ್ಟಿಯಿಂದ ನೋಟ್‌ಬುಕ್ಕು ನೋಡಿದರೆ ರೋಗ ಎದ್ದು ಕಾಣುತ್ತಿತ್ತು. ನಾನು ಇಎಕ್ಸ್‌ಗಳನ್ನು ಮಾತ್ರ ಮುಂದಿಟ್ಟರೆ ಅವನಿಗೆ ಎರಡು, ಎರಡು, ಎರಡು, ಮೂರೇ ಹೆಜ್ಜೆ. ನಡುವೆ ಒಂದು ಪ್ರೈಜ್‌ನ ಸಾಧಾರಣ ಪೋಕೆಮಾನ್ ಬಲಿಕೊಟ್ಟರೆ? ಒಂದು, ಎರಡು, ಎರಡು ಸೇರಿ ಐದೇ. ಆರು ಮುಟ್ಟಲು ಅವನು ನಾಲ್ಕನೆಯದನ್ನು ಕೆಡವಲೇಬೇಕು, ಆ ನಾಲ್ಕನೆಯದು ಇಎಕ್ಸ್ ಆದರೂ ಅವನಿಗೆ ಅದರಲ್ಲಿ ಒಂದು ವ್ಯರ್ಥ. ಒಂದು ಸಣ್ಣ ಕಾರ್ಡಿನಿಂದ ನನಗೆ ಒಂದು ಇಡೀ ಸರದಿ ಉಳಿಯಿತು. ಮೂವತ್ತು ಸಾವಿರದ ಲೆಕ್ಕದಲ್ಲಿ ಮೂರು ರೂಪಾಯಿ ತಪ್ಪಿದ್ದು ಸಿಕ್ಕಾಗ ಆಗುವ ಸುಖ ಆ ರಾತ್ರಿ ಆಯಿತು.

ಆಮೇಲೆ ಚಾರಿಜಾರ್ಡ್ ಇಎಕ್ಸ್ ಕಾರ್ಡನ್ನು ಮೊದಲ ಸಲ ಎಂಬಂತೆ ಓದಿದೆ. 330 ಎಚ್‌ಪಿ. ವಿಕಸನಗೊಳಿಸಿ ಇಳಿಸಿದೊಡನೆ ಕಟ್ಟಿನಿಂದ ಮೂರು ಬೆಂಕಿ ಎನರ್ಜಿ ಹುಡುಕಿ ಬೇಕಾದವರಿಗೆ ಹಂಚಬಹುದು. ಏಟಿಗೆ ಬೇಕಾದದ್ದು ಎರಡೇ ಎನರ್ಜಿ. ಹೊಡೆತ 180, ಜೊತೆಗೆ ಎದುರಾಳಿ ಎತ್ತಿರುವ ಪ್ರತಿ ಪ್ರೈಜ್‌ಗೆ 30. ಎಂದರೆ ಈ ಕಾರ್ಡು ತನ್ನ ಕಡೆಯವರು ಮೊದಲು ಸ್ವಲ್ಪ ಸೋಲಲಿ ಎಂದೇ ಕಾಯುತ್ತದೆ. ನಾನೋ, ಅದನ್ನು ಎಲ್ಲಕ್ಕಿಂತ ಮೊದಲು ಓಡಿಸಿ ತಂದು, 220 ಎಚ್‌ಪಿಯ ಮಿರೈಡಾನ್ ಇಎಕ್ಸ್‌ಗೆ 180 ಹೊಡೆದು, ನಲವತ್ತು ಉಳಿಸಿ ಕೊಡುತ್ತಿದ್ದೆ.

ಮಿರೈಡಾನ್ ಅಳಿಯನ ಕಟ್ಟಿನ ಜೀವ. ಬೆಂಚಿಗೆ ಸರಸರನೆ ವಿದ್ಯುತ್ ಪೋಕೆಮಾನ್‌ಗಳನ್ನು ಎಳೆದು ತರುತ್ತದೆ, 220 ಹೊಡೆಯುತ್ತದೆ. ಹೊಡೆದ ಮೇಲೆ ಮುಂದಿನ ಸರದಿಯಲ್ಲಿ ಅದು ಏಟು ಹಾಕುವಂತಿಲ್ಲ. ಆದರೆ ಅವನು ಅದನ್ನು ಬೆಂಚಿಗೆ ಕಳಿಸಿ, ಮತ್ತೆ ಮುಂದೆ ತಂದು ಹೊಡೆದೇಬಿಟ್ಟ. ನಾನು ಜಗಳಕ್ಕೆ ಹೋದೆ. “ಬೆಂಚಿಗೆ ಹೋಗಿ ಬಂದರೆ ಮೈಮೇಲಿನ ಕಟ್ಟುಪಾಡೆಲ್ಲ ಹೋಗುತ್ತದೆ ಮಾವ, ನಿಯಮವೇ ಹಾಗೆ. ಬೇಕಾದರೆ ಓದಿ,” ಎಂದ. ಓದಿದೆ. ಹಾಗೇ ಇತ್ತು.

ಹೊಸ ಕಟ್ಟಿನಲ್ಲಿ ಚಾರಿಜಾರ್ಡ್ ಇಎಕ್ಸ್ ಮೂರಕ್ಕೆ ಇಳಿಸಿದೆ, ಪಿಜಿಯಾಟ್ ಒಂದಕ್ಕೆ. ಬಿಟ್ಟ ಜಾಗಕ್ಕೆ ಸಣ್ಣವರನ್ನೂ ಕಾರ್ಡು ಎಳೆಯುವ ಸಪೋರ್ಟರ್‌ಗಳನ್ನೂ ತುಂಬಿದೆ. ಚಾರ್ಮ್ಯಾಂಡರ್ ಮಾತ್ರ ನಾಲ್ಕೂ ಬೇಕು. ಮುಂದೆ ನಿಂತು ಸಾಯುವವನೂ ಅವನೇ, ಬೆಂಚಿನಲ್ಲಿ ಬೆಳೆದು ಚಾರಿಜಾರ್ಡ್ ಆಗುವವನೂ ಅವನೇ. ನಡುವಿನ ಚಾರ್ಮಿಲಿಯನ್ ಮೆಟ್ಟಿಲನ್ನು ದಾಟಿಸುವ ರೇರ್ ಕ್ಯಾಂಡಿ ನಾಲ್ಕು. ಮರುವಾರ ಎರಡು ಆಟ ಗೆದ್ದೆ. ಅದರ ಮರುವಾರ ಅಳಿಯ ಐರನ್ ಹ್ಯಾಂಡ್ಸ್ ಇಎಕ್ಸ್ ತಂದ.

ಅದರ ಎಚ್‌ಪಿ 230. ನಾಲ್ಕು ಎನರ್ಜಿ ತಿನ್ನುವ ಒಂದು ಏಟು ಬರೀ 120, ಆದರೆ ಆ ಏಟಿಗೆ ಬಿದ್ದರೆ ಒಂದು ಪ್ರೈಜ್ ಹೆಚ್ಚು. ನನ್ನ ಬಲಿಪಶು ಚಾರ್ಮ್ಯಾಂಡರ್‌ನ ಬೆಲೆ ಒಂದರಿಂದ ಎರಡಕ್ಕೆ ಏರಿತು, ನನ್ನ ಬೆಸ ಸಂಖ್ಯೆಯ ಉಪಾಯ ನೀರುಪಾಲಾಯಿತು. ಬಸ್ಸಿನಲ್ಲಿ ತುಂಗೆಯನ್ನು ನೋಡುತ್ತ ಬರುವಾಗ ಒಂದು ಸಮಾಧಾನ ಮಾತ್ರ ಸಿಕ್ಕಿತು. ಅವನು ಎರಡು ಎತ್ತಿದೊಡನೆ ನನ್ನ ಚಾರಿಜಾರ್ಡ್‌ನ ಏಟು 240. ಐರನ್ ಹ್ಯಾಂಡ್ಸ್ ಉಳಿಯುವುದಿಲ್ಲ. ಅವನ ಅತಿಯಾಸೆಯೇ ನನ್ನ ಏಟಿಗೆ ಬೇಕಾದ ಅರವತ್ತನ್ನು ತುಂಬಿಕೊಡುತ್ತದೆ.

ಇಲ್ಲಿ ಮಲೆನಾಡಿನ ಮಳೆಯ ಬಗ್ಗೆ ಹೇಳದಿದ್ದರೆ ಈ ಅನುಭವ ಅರ್ಧವೇ. ಇಎಕ್ಸ್ ಕಾರ್ಡುಗಳೆಲ್ಲ ಹೊಳೆಯುವ ಕಾರ್ಡುಗಳು. ಮುಖದ ಕಡೆ ತೆಳುವಾದ ಹೊಳಪಿನ ಹಾಳೆ, ಉಳಿದದ್ದು ಕಾಗದ. ಕಾಗದ ಪಸೆ ಹೀರಿ ಹಿಗ್ಗುತ್ತದೆ, ಹಾಳೆ ಹಿಗ್ಗುವುದಿಲ್ಲ. ಆಗಸ್ಟ್ ಬರುವಷ್ಟರಲ್ಲಿ ನನ್ನ ಚಾರಿಜಾರ್ಡ್‌ಗಳು ಮುಖದ ಕಡೆಗೆ ಬಾಗಿ ದೊನ್ನೆಯಂತಾಗಿದ್ದವು. ನೋಡಲು ಚೆನ್ನಾಗಿಲ್ಲ ಎಂಬುದು ಸಣ್ಣ ದೂರು. ಬಾಗಿದ ಕಾರ್ಡು ಕಟ್ಟಿನಲ್ಲಿ ಎಲ್ಲಿದೆ ಎಂದು ಬದಿಯಿಂದಲೇ ಗೊತ್ತಾಗುತ್ತದೆ, ಪಂದ್ಯಗಳಲ್ಲಿ ಅಂಥದ್ದನ್ನು ಗುರುತು ಮಾಡಿದ ಕಾರ್ಡು ಎಂದೇ ಎಣಿಸುತ್ತಾರೆ. ಬಲಿಷ್ಠ ಕಾರ್ಡುಗಳಷ್ಟೇ ಬಾಗಿ, ಸಾಧಾರಣ ಕಾರ್ಡುಗಳು ನೆಟ್ಟಗಿರುವುದರಿಂದ ಕಟ್ಟಿನ ಗುಟ್ಟೆಲ್ಲ ಬಯಲು.

ಮೊದಲು ಅವನ್ನು ಅಕ್ಕನ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. “ಏನು ಮಾರಾಯ, ಹಪ್ಪಳದ ಜಾಗದಲ್ಲಿ ಇಸ್ಪೀಟು ಒಣಗಿಸುತ್ತೀಯಾ?” ಎಂದು ಅಕ್ಕ ಕೇಳಿದಳು. ಎರಡು ದಿನಕ್ಕೆ ಅವು ಅತಿಯಾಗಿ ಒಣಗಿ ಹಿಂದಕ್ಕೆ ಬಾಗಿದವು, ಮೇಲೆ ಹೊಗೆಯ ವಾಸನೆ. ಕೊನೆಗೆ ಉಳಿದದ್ದು ಹೀಗೆ: ಪ್ರತಿ ಕಾರ್ಡಿಗೂ ಮೈಗೆ ಅಂಟಿ ಕೂರುವ ಒಳ ಕವರು ಒಂದು, ಅದರ ಮೇಲೆ ಬಾಯಿ ತಿರುಗಿಸಿ ಹಾಕಿದ ಹೊರ ಕವರು ಒಂದು. ಇಡೀ ಕಟ್ಟು ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಪೊಟ್ಟಣ ಎರಡು ಹಾಕಿ. ಡಬ್ಬಿಯೊಳಗೆ ಜಾಗ ಸಡಿಲ ಇರಬಾರದು, ಇದ್ದರೆ ಮತ್ತೆ ಬಾಗುತ್ತವೆ. ನಾನು ಮಂಡಿಯ ಹಳೆಯ ರಟ್ಟನ್ನು ಕತ್ತರಿಸಿ ಒತ್ತಾಗಿ ತುರುಕುತ್ತೇನೆ.

ಅಳಿಯನ ಕೊನೆಯ ಅಸ್ತ್ರ ಮಿಮಿಕ್ಯೂ. ಹರಿದ ಚಿಂದಿ ಹೊದ್ದ ಎಪ್ಪತ್ತು ಎಚ್‌ಪಿಯ ಕುಳ್ಳ, ಒಂದೇ ಪ್ರೈಜ್. ಎದುರಾಳಿಯ ಇಎಕ್ಸ್ ಮತ್ತು ವಿ (ವಿಮ್ಯಾಕ್ಸ್, ವಿಸ್ಟಾರ್‌ಗಳ ಗುಂಪು) ಕಾರ್ಡುಗಳ ಏಟು ಅದಕ್ಕೆ ತಾಕುವುದೇ ಇಲ್ಲ. ನನ್ನ 330ರ ಚಾರಿಜಾರ್ಡ್ ಅದರ ಮುಂದೆ ಬೆಂಕಿ ಉಗುಳುತ್ತ ನಿಂತಿರಬೇಕು, ಅಷ್ಟೇ. ಏಟಿಗೆ ಬೇಕಾದ ಎನರ್ಜಿ ಅವನ ಕಟ್ಟಿನಲ್ಲಿ ಇರಲಿಲ್ಲ, ಗೋಡೆಯಾಗಿ ನಿಲ್ಲಿಸಲಿಕ್ಕೆಂದೇ ಅದನ್ನು ಹಾಕಿಕೊಂಡಿದ್ದ. ಬೆಂಚಿನಿಂದ ಬೇರೊಂದನ್ನು ಎಳೆದು ಮುಂದೆ ನಿಲ್ಲಿಸುವ ಬಾಸಸ್ ಆರ್ಡರ್ಸ್ ಇದ್ದರೆ ದಾರಿ ಇದೆ, ಅದು ಬೇಕಾದಾಗ ಕೈಯಲ್ಲಿರುವುದಿಲ್ಲ. ಡಬ್ಬಿಯ ಹಳೆಯ ಕಾರ್ಡುಗಳನ್ನು ಕೆದಕಿದಾಗ ರೇಡಿಯಂಟ್ ಚಾರಿಜಾರ್ಡ್ ಸಿಕ್ಕಿತು. 2022ರ ಕಾರ್ಡು, ಕಟ್ಟಿಗೆ ಒಂದೇ ರೇಡಿಯಂಟ್ ಎಂಬ ನಿಯಮ. ರೂಲ್ ಬಾಕ್ಸ್ ಇದೆ, ಆದರೆ ಇಎಕ್ಸ್ ಅಲ್ಲ, ಬಿದ್ದರೆ ಹೋಗುವುದು ಒಂದೇ ಪ್ರೈಜ್. 250 ಹೊಡೆಯುತ್ತದೆ. ಐದು ಎನರ್ಜಿ ಬೇಕು, ಆದರೆ ಎದುರಾಳಿ ಎತ್ತಿದ ಪ್ರತಿ ಪ್ರೈಜ್‌ಗೆ ಒಂದು ಎನರ್ಜಿ ಕಡಿಮೆ. ಒಮ್ಮೆ ಹೊಡೆದರೆ ಮುಂದಿನ ಸರದಿಯಲ್ಲಿ ಅದೇ ಏಟು ಹಾಕುವಂತಿಲ್ಲ. ಅಧಿಕೃತ ಪಂದ್ಯಗಳಲ್ಲಿ ಅದರ ಕಾಲ ಮುಗಿದಿದೆ. ನಮ್ಮ ಜಗಲಿಯಲ್ಲಿ ಮುಗಿದಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಆಡಿದ ಆಟ ನೋಟ್‌ಬುಕ್ಕಿನಲ್ಲಿ ಪೂರ್ತಿ ಇದೆ. ಕರೆಂಟು ಹೋಗಿತ್ತು, ಅಕ್ಕ ಚಾರ್ಜಿನ ದೀಪ ತಂದಿಟ್ಟಿದ್ದಳು. ಐರನ್ ಹ್ಯಾಂಡ್ಸ್ ನನ್ನ ಚಾರ್ಮ್ಯಾಂಡರ್ ಕೆಡವಿತು, ಅವನಿಗೆ ಎರಡು. ನಾನು ಚಾರಿಜಾರ್ಡ್ ಇಳಿಸಿ ಮೂರೂ ಎನರ್ಜಿಯನ್ನು ಅದಕ್ಕೇ ಹಾಕಿ 240 ಹೊಡೆದೆ, ಐರನ್ ಹ್ಯಾಂಡ್ಸ್ ಬಿತ್ತು, ನನಗೆ ಎರಡು. ಮಿರೈಡಾನ್ ಬಂದು 220 ಹೊಡೆಯಿತು, ನನ್ನ ಚಾರಿಜಾರ್ಡ್‌ನಲ್ಲಿ 110 ಉಳಿಯಿತು. ತಿರುಗಿ ಹೊಡೆದೆ, ಮಿರೈಡಾನ್ ಬಿತ್ತು, ನನಗೆ ಒಟ್ಟು ನಾಲ್ಕು. ಅವನು ಮಿಮಿಕ್ಯೂ ನಿಲ್ಲಿಸಿದ, ಬೆಂಚಿನಲ್ಲಿ ಇನ್ನೊಂದು ಐರನ್ ಹ್ಯಾಂಡ್ಸ್‌ಗೆ ಎನರ್ಜಿ ತುಂಬಿದ.

ನಾನು ಬೆಂಚಿನಲ್ಲಿ ಎರಡನೆಯ ಚಾರಿಜಾರ್ಡ್ ಇಳಿಸಿ, ಅದು ತಂದ ಮೂರೂ ಎನರ್ಜಿಯನ್ನು ರೇಡಿಯಂಟ್‌ಗೆ ಕೊಟ್ಟೆ. ಅವನು ಎರಡು ಎತ್ತಿದ್ದರಿಂದ ಮೂರೇ ಸಾಕಿತ್ತು. ಗಾಯಗೊಂಡವನನ್ನು ಎರಡು ಎನರ್ಜಿ ತೆತ್ತು ಹಿಂದೆ ಸರಿಸಿ ರೇಡಿಯಂಟ್ ಮುಂದೆ ತಂದೆ. ಮಿಮಿಕ್ಯೂ ಬಿತ್ತು. ಐದು.

ಅಳಿಯ ಬಹಳ ಹೊತ್ತು ಸುಮ್ಮನಿದ್ದ. ಐರನ್ ಹ್ಯಾಂಡ್ಸ್ ಮುಂದೆ ತಂದು, ಬಾಸಸ್ ಆರ್ಡರ್ಸ್ ಇಳಿಸಿ, ನನ್ನ ರೇಡಿಯಂಟ್ ಅನ್ನು ಬೆಂಚಿಗೆ ತಳ್ಳಿ ಗಾಯಗೊಂಡ ಚಾರಿಜಾರ್ಡ್‌ನನ್ನು ಎದುರಿಗೆ ಎಳೆದ. 120. ಉಳಿದಿದ್ದ 110 ಹೋಯಿತು. ಇಎಕ್ಸ್‌ಗೆ ಎರಡು, ಮೇಲೆ ಒಂದು, ಒಟ್ಟು ಮೂರು. ಅವನಿಗೂ ಐದು. ನನ್ನ ಎರಡನೆಯ ಚಾರಿಜಾರ್ಡ್ ಹತ್ತಿರ ಎನರ್ಜಿ ಇಲ್ಲ, ಸರದಿಗೆ ಕೈಯಿಂದ ಹಾಕಬಹುದಾದದ್ದು ಒಂದೇ. “ರೇಡಿಯಂಟ್ ಈ ಸಲ ಹೊಡೆಯುವಂತಿಲ್ಲ ಮಾವ,” ಎಂದು ಹೇಳಿ ಅವನು ಬೆನ್ನನ್ನು ಕಂಬಕ್ಕೆ ಒರಗಿಸಿದ.

ನಾನು ರೇಡಿಯಂಟ್ ಅನ್ನು ಎತ್ತಿ ಮುಂದೆ ಇಟ್ಟೆ. “ಬೆಂಚಿಗೆ ಕಳಿಸಿದವನು ನೀನೇ ಅಲ್ಲವೇನೋ?”

ಅವನು ಕಾರ್ಡನ್ನು ದೀಪದ ಹತ್ತಿರ ಹಿಡಿದು ಓದಿದ. ಇನ್ನೊಮ್ಮೆ ಓದಿದ. ಅವನು ಐದು ಎತ್ತಿದ್ದರಿಂದ ಈಗ ಆ ಏಟಿಗೆ ಬೇಕಾದದ್ದು ಒಂದೇ ಎನರ್ಜಿ. ಹೊಡೆತ 250, ಅವನ ಐರನ್ ಹ್ಯಾಂಡ್ಸ್ 230.

“ಅಮ್ಮಾ, ಮಾವ ಮೋಸ ಮಾಡಲಿಲ್ಲ, ಗೆದ್ದರು,” ಎಂದು ಒಳಗೆ ಕೂಗಿ ಹೇಳಿ, ಹಪ್ಪಳ ತರಲು ಎದ್ದ.