ಆಂಟಿಗುವಾದ ಕಲ್ಲುಬೀದಿಯಲ್ಲಿ ಮರದ ಹೊಟ್ಟಿನ ಹಾಸು

ಗ್ವಾಟೆಮಾಲಾದ ಆಂಟಿಗುವಾದಲ್ಲಿ ಪವಿತ್ರ ವಾರದ (ಈಸ್ಟರ್‌ಗೆ ಮುಂಚಿನ ವಾರ) ಮೆರವಣಿಗೆ ಬರುವ ದಾರಿಗೆ ಬಣ್ಣದ ಮರದ ಹೊಟ್ಟಿನಿಂದ ಹಾಸುವ ಅಲ್ಫೋಂಬ್ರಾ ನಮ್ಮ ರಂಗೋಲಿಗೆ ಹತ್ತಿರದ್ದು. ಆದರೆ ಸಾರಿಸಿದ ಅಂಗಳ ಅಲ್ಲಿಲ್ಲ. ಬೀದಿಯೆಲ್ಲ ಉಬ್ಬುತಗ್ಗಿನ ಕಲ್ಲುಹಾಸು, ಕಲ್ಲುಗಳ ನಡುವೆ ಸಂದು. ಹಾಗಾಗಿ ನಾನು ಬಣ್ಣಕ್ಕಿಂತ ಹೆಚ್ಚು ಹೊತ್ತು ಕೊಡುವುದು ತಳಕ್ಕೆ.

2 ಮೀಟರ್ ಅಗಲ, 6 ಮೀಟರ್ ಉದ್ದದ ಹಾಸಿನ ತಳ 3 ಸೆಂ.ಮೀ. ದಪ್ಪವೆಂದರೆ 360 ಲೀಟರ್ ಹೊಟ್ಟು. ಸಂದುಗಳು ನುಂಗುವುದನ್ನೂ ಸೇರಿಸಿ 450 ಲೀಟರ್ ತರಿಸುತ್ತೇನೆ. ಬಣ್ಣ ಹಾಕದ ಒರಟು ಹೊಟ್ಟು ಸಾಕು. ಸುತ್ತ ಮರದ ಪಟ್ಟಿ ಇಟ್ಟು, ಎರಡು ಸಲವಾಗಿ ತುಂಬಿ, ಪ್ರತಿ ಸಲ ನೀರು ಚಿಮುಕಿಸಿ, ನೇರ ಹಲಗೆಯಿಂದ ಎಳೆದು ಒತ್ತಬೇಕು. ತಳ ಒಣಗಿದ್ದರೆ ಮೇಲಿನ ಪದರದ ನೀರನ್ನು ಹೀರುತ್ತದೆ. ಆಗ ಬಣ್ಣ ಮಂಕಾಗಿ, ಗೆರೆಯ ಅಂಚು ಉದುರುತ್ತದೆ.

ಬಣ್ಣಕ್ಕೆ ಜರಡಿ ಹಿಡಿದ ನುಣುಪು ಹೊಟ್ಟೇ ಆಗಬೇಕು. 7 ಮಿ.ಮೀ. ಪದರಕ್ಕೆ ಒಟ್ಟು 85 ಲೀಟರ್. ಅದರಲ್ಲಿ ಅರ್ಧ ಹಿನ್ನೆಲೆಯ ಬಣ್ಣಕ್ಕೇ ಹೋಗುತ್ತದೆ. ಅನಿಲಿನ್ ಬಣ್ಣದ ಪುಡಿಯನ್ನು ಬಿಸಿನೀರಲ್ಲಿ ಪೂರ್ತಿ ಕರಗಿಸಿ, ಕೈಗವಸು ಹಾಕಿಕೊಂಡು ಕಲಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಹನಿ ಬೀಳಬಾರದು. ಹನಿ ಬಿದ್ದರೆ ಕೆಂಪು ಪಕ್ಕದ ಬಿಳಿಗೆ ಹರಿಯುವುದು ಖಂಡಿತ; ನೆರಳಲ್ಲಿ ಹರಡಿ ಆರಲು ಬಿಡಿ.

ಅಚ್ಚು ದಪ್ಪ ರಟ್ಟಿನದು, ಎರಡೂ ಬದಿಗೆ ಎಣ್ಣೆಬಣ್ಣ ಬಳಿದದ್ದು. ಇಲ್ಲದಿದ್ದರೆ ನಾಲ್ಕನೇ ಹೂವಿಗೆ ಮೆತ್ತಗಾಗುತ್ತದೆ. ಅಚ್ಚಿನ ಮೇಲೆ ಜರಡಿಯಿಂದ ಉದುರಿಸಿ, ಅಂಗೈಯಿಂದ ಹಗುರ ತಟ್ಟಿ, ಇಬ್ಬರು ಎರಡು ಕಡೆ ಹಿಡಿದು ನೆಟ್ಟಗೆ ಮೇಲೆತ್ತಿ. ಒಂದು ಕಡೆಯಿಂದ ಎತ್ತಿದರೆ ಮೇಲುಳಿದ ಪುಡಿಯೆಲ್ಲ ಹೂವಿನೊಳಕ್ಕೆ ಜಾರುತ್ತದೆ. ಕೆಲಸ ನಡುವಿನಿಂದ ಅಂಚಿಗೆ ಬರಬೇಕು. ಇಟ್ಟಿಗೆಗಳ ಮೇಲೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಮಲಗಿ ಕೈ ಚಾಚಬೇಕು.

ಅಂಚಿಗೆ ಹಸಿ ಪೈನ್ ಎಲೆ, ಕೊರೋಸೋ ತಾಳೆಯ ಹೂಗೊಂಚಲು. ಪ್ಲಾಸ್ಟಿಕ್ ಹೂವು ಇಡುವುದು ನನಗೆ ಸರಿಬರುವುದಿಲ್ಲ, ಮೆರವಣಿಗೆಗೆ ಮುಂಚೆಯೇ ಆ ಬೀದಿ ಪೈನ್ ವಾಸನೆಯಿಂದ ತುಂಬಿರಬೇಕು.

ಲಾ ಮೆರ್ಸೆದ್ ಚರ್ಚಿನಿಂದ ಶುಭ ಶುಕ್ರವಾರದ ಮೆರವಣಿಗೆ ಬೆಳಗಿನ ಜಾವವೇ ಹೊರಡುವುದರಿಂದ ಅದಕ್ಕೆ ಗುರುವಾರ ರಾತ್ರಿಯೇ ಕೂರಬೇಕು. ಗಿಡ್ಡ ಗೋಪುರ, ದಪ್ಪ ಗೋಡೆಯ ಈ ಚರ್ಚು ಭೂಕಂಪಕ್ಕೆಂದೇ ಹಾಗೆ ಕಟ್ಟಿದ್ದು. 1773ರ ಕಂಪನದಲ್ಲೂ ನಿಂತಿತು. 1543ರಲ್ಲಿ ಪಾಂಚೋಯ್ ಕಣಿವೆಯಲ್ಲಿ ರಾಜಧಾನಿಯಾಗಿ ಎದ್ದದ್ದು ಈ ಆಂಟಿಗುವಾವೇ; ಆ ಕಂಪನದ ನಂತರ 1776ರಲ್ಲಿ ರಾಜಧಾನಿಯನ್ನು ಈಗಿನ ಗ್ವಾಟೆಮಾಲಾ ನಗರಕ್ಕೆ ಸಾಗಿಸಿದರು. ಎಲ್ಲರೂ ಮಾತ್ರ ಹೋಗಲಿಲ್ಲ. ಚೌಕುಳಿ ಬೀದಿಗಳೂ ಸ್ಪೇನಿನಿಂದ ಬಂದ ಮೆರವಣಿಗೆಯ ಆಚರಣೆಯೂ ಇಲ್ಲಿ ಉಳಿದವು.

ಒಣಹವೆಯಲ್ಲಿ ಅರ್ಧ ಗಂಟೆಗೊಮ್ಮೆ ಕೈಪಂಪಿನಿಂದ ಮಂಜಿನಂತೆ ನೀರು ಸಿಂಪಡಿಸಿ. ಪೈಪಿನ ನೀರು ಬಿದ್ದಲ್ಲಿ ಗುಳಿ. ನೇರಳೆ ನಿಲುವಂಗಿಯವರು (ಶುಕ್ರವಾರ ಮಧ್ಯಾಹ್ನ ಮೂರರ ನಂತರ ಕಪ್ಪು) ಮೂರ್ತಿಯ ಅಂದಾ (ಹೆಗಲ ಮೇಲೆ ಹೊರುವ ಅಡ್ಡೆ) ಹೊತ್ತು ಈ ಹಾಸಿನ ಮೇಲೆಯೇ ನಡೆದು ಹೋಗುತ್ತಾರೆ. ಅವರ ಹಿಂದೆಯೇ ಗುಡಿಸುವವರು. ಅಷ್ಟರೊಳಗೆ ಅಚ್ಚುಗಳನ್ನು ಒರೆಸಿ, ಅಡ್ಡ ಮಲಗಿಸಿ ಇಟ್ಟಿರಿ. ಗೋಡೆಗೆ ಒರಗಿಸಿದರೆ ಬಾಗುತ್ತವೆ.