ಒಪ್ಪಿಗೆ ಕೇಳದೆ ಕೆಲಸ ಬದಲಿಸಿದರೆ ಏನು ಮಾಡಬೇಕು?

"ಸೋಮವಾರದಿಂದ ನೀವು ಬೇರೆ ವಿಭಾಗ ನೋಡಿಕೊಳ್ಳಿ. ಸಂಬಳ ಅಷ್ಟೇ ಇರುತ್ತೆ, ನಿಮಗೇನೂ ನಷ್ಟ ಇಲ್ಲ."

ಇಂಥ ಮಾತು ಕೇಳಿದಾಗ ಕೆಲವರು ಸುಮ್ನೆ ತಲೆಯಾಡಿಸಿ ಒಳಗೊಳಗೇ ಕುದಿಯುತ್ತಾರೆ. ಇನ್ನು ಕೆಲವರು "ನಾನು ಹೋಗಲ್ಲ" ಎಂದು ಅಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಎರಡರಲ್ಲೂ ಪೆಟ್ಟು ಬೀಳುವುದು ನೌಕರರಿಗೇ. ಕೆಲಸಕ್ಕೂ ಹೋಗುತ್ತಾ, ಒಪ್ಪಿಗೆಯನ್ನೂ ಕೊಡದೆ ಹೋರಾಡುವ ದಾರಿ ಇದೆ. ಅದಕ್ಕೆ ಸ್ವಲ್ಪ ತಾಳ್ಮೆ ಮತ್ತು ಜಾಸ್ತಿ ಬರವಣಿಗೆ ಬೇಕು.

ಮೊದಲು, ಬರಹದಲ್ಲಿ ಕೇಳಿ

ಬಾಯಿಮಾತಿನ ಆದೇಶಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ. ಅದೇ ದಿನ ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿ, ಎಚ್‌ಆರ್‌ಗೂ ಪ್ರತಿ ಕಳಿಸಿ. ಹೀಗೆ ಬರೆದರೆ ಸಾಕು:

"ಇಂದು ತಾವು ನನ್ನನ್ನು ಬೇರೆ ಕೆಲಸಕ್ಕೆ ಹಾಕುವುದಾಗಿ ತಿಳಿಸಿದಿರಿ. ಇದಕ್ಕೆ ಕಾರಣವೇನು, ಎಷ್ಟು ಕಾಲಕ್ಕೆ, ಹೊಸ ಹುದ್ದೆಯ ಹೆಸರು ಮತ್ತು ಹೊಣೆಗಳೇನು, ನಾನು ಯಾರಿಗೆ ವರದಿ ಮಾಡಬೇಕು, ಭತ್ಯೆ ಮತ್ತು ಬಡ್ತಿಯ ಮೇಲೆ ಪರಿಣಾಮವೇನು ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಿ."

ಕೋಪದ ಮಾತು ಒಂದೂ ಬೇಡ. ಉತ್ತರ ಬಂದರೆ ಕೈಯಲ್ಲಿ ದಾಖಲೆ ಇರುತ್ತದೆ. ಬಾರದಿದ್ದರೆ, ನೀವು ಕೇಳಿದ್ದಕ್ಕೂ ಅವರು ಹೇಳದೇ ಇದ್ದದ್ದಕ್ಕೂ ಆ ಮೇಲ್ ಸಾಕ್ಷಿ.

ನೇಮಕಾತಿ ಪತ್ರ ಹುಡುಕಿ ತೆಗೆಯಿರಿ

"ಆಡಳಿತ ಸೂಚಿಸುವ ಯಾವುದೇ ಕೆಲಸ ಮಾಡತಕ್ಕದ್ದು" ಎಂಬ ಸಾಲು ಬಹಳ ಪತ್ರಗಳಲ್ಲಿ ಇರುತ್ತದೆ. ಅದನ್ನು ನೋಡಿ ಕೈಚೆಲ್ಲಬೇಡಿ. ಯಾವ ಹುದ್ದೆಗೆ ತೆಗೆದುಕೊಂಡರು, ಯಾವ ಅರ್ಹತೆ ಕೇಳಿದರು, ಇಷ್ಟು ವರ್ಷ ನೀವು ಮಾಡಿದ್ದೇನು ಎಂಬುದಕ್ಕೂ ತೂಕವಿದೆ. ಜಪಾನಿನಲ್ಲಿ ಅಂಗವಿಕಲರ ಉಪಕರಣಗಳನ್ನು ತಯಾರಿಸಿ, ಅವರಿಗೆ ತಕ್ಕಂತೆ ಮಾರ್ಪಡಿಸುತ್ತಿದ್ದ ತಂತ್ರಜ್ಞರೊಬ್ಬರು ಇದ್ದರು. ಸುಮಾರು 18 ವರ್ಷ ಅದನ್ನೇ ಮಾಡಿದವರನ್ನು 2019ರಲ್ಲಿ ಒಪ್ಪಿಗೆ ಇಲ್ಲದೆ ಕಚೇರಿಯ ಸಾಮಾನ್ಯ ಆಡಳಿತಕ್ಕೆ ಹಾಕಿದರು. ಕೆಲಸ ಇಂಥದ್ದೇ ಎಂದು ಇಬ್ಬರ ನಡುವೆ ಒಪ್ಪಂದವಿದ್ದರೆ, ನೌಕರರ ಒಪ್ಪಿಗೆಯಿಲ್ಲದೆ ಬದಲಿಸುವ ಅಧಿಕಾರವೇ ಮಾಲೀಕರಿಗಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿತು. ಎಲ್ಲ ದೇಶದ ಕಾನೂನೂ ಹೀಗಿಲ್ಲ. ಆದರೂ ಹಳೆಯ ಪತ್ರ, ಅಪ್ರೈಸಲ್ ವರದಿ, ತರಬೇತಿ ಪ್ರಮಾಣಪತ್ರ ಎಲ್ಲವನ್ನೂ ಒಂದು ಕಡೆ ಜೋಡಿಸಿಡಿ.

ನಷ್ಟವನ್ನು ಸಾಲು ಸಾಲಾಗಿ ಬರೆಯಿರಿ

ಇದು ಎಲ್ಲಕ್ಕಿಂತ ಮುಖ್ಯ, ಇಲ್ಲಿ ಆತುರ ಬೇಡ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಹಳೆಯ ಕೆಲಸ, ಬಲಕ್ಕೆ ಹೊಸದು. ಪಾಳಿ ಯಾವುದು? ವಾರದ ರಜೆ ಯಾವಾಗ? ಕೈಕೆಳಗೆ ಎಷ್ಟು ಜನ ಇದ್ದರು, ಈಗ ಎಷ್ಟು? ಓವರ್‌ಟೈಮ್ ಸಿಗುತ್ತಾ? ಮುಂದಿನ ಬಡ್ತಿಗೆ ದಾರಿ ಇದೆಯಾ? ಕಲಿತ ವಿದ್ಯೆ ಬಳಕೆಗೆ ಬರುತ್ತಾ?

"ಸಂಬಳ ಅಷ್ಟೇ ಇದೆಯಲ್ಲ" ಎಂಬ ಮಾತಿಗೆ ಉತ್ತರ ಈ ಹಾಳೆಯಲ್ಲಿ ಇರುತ್ತದೆ. ಅಮೆರಿಕದಲ್ಲಿ ಪೊಲೀಸ್ ಅಧಿಕಾರಿಯೊಬ್ಬರನ್ನು ಗುಪ್ತಚರ ವಿಭಾಗದಿಂದ ಸಮವಸ್ತ್ರದ ಕೆಲಸಕ್ಕೆ ಹಾಕಿದ್ದರು. ದರ್ಜೆ, ಸಂಬಳ ಎರಡೂ ಹಾಗೇ ಇದ್ದವು. ಆದರೆ ಕೆಲಸದ ಜೊತೆ ಸಿಕ್ಕಿದ್ದ ಕಾರು ಹೋಯಿತು, ವಾರಾಂತ್ಯದ ಪಾಳಿ ಬಂತು. ಹೆಣ್ಣು ಎಂಬ ಕಾರಣಕ್ಕೆ ಹೀಗೆ ಮಾಡಿದರು ಎಂಬುದು ಅವರ ದೂರು. ತಾರತಮ್ಯದಿಂದ ವರ್ಗಾವಣೆ ಆಗಿದ್ದರೆ ನಷ್ಟ ದೊಡ್ಡದೇ ಆಗಿರಬೇಕಿಲ್ಲ, ಕೆಲಸದ ಷರತ್ತುಗಳಲ್ಲಿ ಒಂದಿಷ್ಟು ನಷ್ಟ ತೋರಿಸಿದರೆ ಸಾಕು ಎಂದು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಅದೇ ಕೋರ್ಟ್‌ನ 2006ರ ಇನ್ನೊಂದು ತೀರ್ಪೂ ನೆನಪಿಡುವಂಥದ್ದು. ರೈಲ್ವೆ ಕಂಪನಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಮಹಿಳೆ ಮೇಲಧಿಕಾರಿಯ ಕಿರುಕುಳದ ವಿರುದ್ಧ ದೂರು ಕೊಟ್ಟರು. ಆಮೇಲೆ ಅವರನ್ನು ಹಳಿಯ ಮೇಲಿನ ಕೂಲಿ ಕೆಲಸಕ್ಕೆ ಹಾಕಲಾಯಿತು. ಎರಡೂ ಕೆಲಸ ಅವರ ಹುದ್ದೆಯ ಪಟ್ಟಿಯಲ್ಲೇ ಇದ್ದವು. ಆದರೂ ಹೆಚ್ಚು ಕಷ್ಟದ, ಕೊಳಕಾದ ಕೆಲಸಕ್ಕೆ ತಳ್ಳುವುದು ಸೇಡು ಆಗಬಹುದು ಎಂದು ಕೋರ್ಟ್ ಒಪ್ಪಿತು.

ಈಗಲೇ ಯಾಕೆ?

ಎಲ್ಲ ಬದಲಾವಣೆಯೂ ಸೇಡಲ್ಲ. ಒಂದು ವಿಭಾಗ ಮುಚ್ಚಬಹುದು, ಇನ್ನೊಂದರಲ್ಲಿ ಜನ ಸಾಲದೇ ಹೋಗಬಹುದು. ಅದನ್ನು ಒಪ್ಪಿಕೊಳ್ಳುವುದೇ ನ್ಯಾಯ. ಆದರೆ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ದೂರು ಕೊಟ್ಟ ಬೆನ್ನಲ್ಲೇ ಆದೇಶ ಬಂತಾ? ಯೂನಿಯನ್ ಸೇರಿದ ಮೇಲೆ? ಹೆರಿಗೆ ರಜೆ ಮುಗಿಸಿ ಬಂದ ದಿನವೇ? ಹೆರಿಗೆ ರಜೆಯ ನಂತರ ಅದೇ ಹುದ್ದೆ, ಇಲ್ಲವೇ ಅಷ್ಟೇ ಸಂಬಳದ ಸಮಾನ ಹುದ್ದೆ ಕೊಡಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆ ಹೇಳುತ್ತದೆ.

ಕೆಲಸಕ್ಕೆ ಹೋಗಿ, ಒಪ್ಪಿದ್ದೇನೆ ಎನ್ನಬೇಡಿ

ಹೊಸ ಜಾಗಕ್ಕೆ ಹೋಗದೆ ಮನೆಯಲ್ಲಿ ಕೂತರೆ ಮೂಲ ಅನ್ಯಾಯ ಬದಿಗೆ ಸರಿದು, ಗೈರುಹಾಜರಿಯೇ ಕೇಸ್ ಆಗುತ್ತದೆ. ಭಾರತದ ಸುಪ್ರೀಂ ಕೋರ್ಟ್ 1989ರಲ್ಲಿ ಸಾರ್ವಜನಿಕ ಸಂಸ್ಥೆಯ ನೌಕರರೊಬ್ಬರ ಊರು ಬದಲಿಸಿದ ಪ್ರಕರಣದಲ್ಲಿ ಇದನ್ನೇ ಹೇಳಿತು: ಮನವಿ ಕೊಡಬಹುದು, ಆದರೆ ಆದೇಶಕ್ಕೆ ತಡೆ ಸಿಗದಿದ್ದರೆ ಪಾಲಿಸಲೇಬೇಕು. ಆ ನೌಕರರು ಕೆಲಸ ಕಳೆದುಕೊಂಡರು. ಹಾಗಾಗಿ ಮೊದಲ ದಿನವೇ ಬರೆದು ಕೊಡಿ: "ಈ ಬದಲಾವಣೆಗೆ ನನ್ನ ಆಕ್ಷೇಪವಿದೆ. ಆಕ್ಷೇಪ ಉಳಿಸಿಕೊಂಡೇ ಕೆಲಸ ಮಾಡುತ್ತಿದ್ದೇನೆ." ತಿಂಗಳುಗಟ್ಟಲೆ ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದು ಹಿಡಿಯಬಹುದು. ಪ್ರಾಣಕ್ಕೆ ಅಪಾಯವಿರುವ, ಲೈಸೆನ್ಸ್ ಅಥವಾ ತರಬೇತಿ ಇಲ್ಲದೆ ಮಾಡಬಾರದ ಕೆಲಸ ಕೊಟ್ಟರೆ ಮಾತು ಬೇರೆ. ಆಗ ಕಾರಣ ಬರೆದು, ಮಾಡುವ ಮೊದಲೇ ತಿಳಿಸಿ.

ದೂರು, ಗಡುವು

ಒಳಗಿನ ದೂರು ವ್ಯವಸ್ಥೆಗೆ ಮೊದಲು ಹೋಗಿ. ಅಲ್ಲಿ ಒಬ್ಬರೇ ಕೂರಬೇಡಿ. ದೂರು ಕೊಟ್ಟ ಕಾರಣಕ್ಕೆ ತೊಂದರೆ ಆಗಬಾರದು, ಯೂನಿಯನ್ನವರೋ ತಾವು ಆರಿಸಿದ ಬೇರೆಯವರೋ ಜೊತೆಗಿರಬಹುದು ಎಂದು ಅದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಇಷ್ಟರಲ್ಲಿ ಹೊರಗೆ, ಅಂದರೆ ಇಲಾಖೆಗೋ ಕೋರ್ಟ್‌ಗೋ, ದೂರು ಕೊಡುವ ಗಡುವು ಮೀರಿಹೋಗದಂತೆ ನೋಡಿಕೊಳ್ಳಿ. ಅಮೆರಿಕದಲ್ಲಿ ತಾರತಮ್ಯದ ದೂರಿಗೆ ಸಾಮಾನ್ಯವಾಗಿ 180 ದಿನ, ಕೆಲವೆಡೆ 300. ನಿಮ್ಮಲ್ಲಿ ಎಷ್ಟು ಎಂದು ಕಾರ್ಮಿಕ ಇಲಾಖೆಯಲ್ಲೋ ವಕೀಲರ ಹತ್ತಿರವೋ ಮೊದಲ ವಾರವೇ ಕೇಳಿ.

ರಾಜಿಗೆ ಕರೆದರೆ "ಹಳೆಯ ಕೆಲಸವೇ ಬೇಕು" ಎಂಬ ಒಂದೇ ಬೇಡಿಕೆ ಇಟ್ಟುಕೊಂಡು ಹೋಗಬೇಡಿ. ಮೂರು ತಿಂಗಳು ನೋಡಿ, ಹೊಂದದಿದ್ದರೆ ವಾಪಸ್ ಬರುವ ಹಕ್ಕು ಕೇಳಿ. ತರಬೇತಿ ಕೇಳಿ. ಹೊಸ ಕೆಲಸ ಕಲಿಯುವ ತಿಂಗಳುಗಳನ್ನು ಅಪ್ರೈಸಲ್‌ನಲ್ಲಿ ನಿಮ್ಮ ವಿರುದ್ಧ ಎಣಿಸಬಾರದು ಎಂದು ಕೇಳಿ. ಒಪ್ಪಿದ್ದೆಲ್ಲ ದಿನಾಂಕ, ಸಹಿ ಸಮೇತ ಕಾಗದಕ್ಕೆ ಬರಲಿ. ಮಾತು ಕೊಟ್ಟ ಮ್ಯಾನೇಜರ್ ನಾಳೆ ಬೇರೆ ಕಡೆ ಹೋಗಬಹುದು, ಅವರ ಜಾಗಕ್ಕೆ ಬರುವವರಿಗೆ ಆ ಕಾಗದವನ್ನೇ ತೋರಿಸಬೇಕಾಗುತ್ತದೆ.