ಕೆಳಗಿನ ಆರ್‌ಪಿಎಂನಲ್ಲೂ ಬೈಕ್ ಎಳೆಯಬೇಕು: ನನ್ನ ಅನುಭವ

ಕಲ್ಲು, ಬೇರು, ಕೆಸರು ತುಂಬಿದ ಏರಿನಲ್ಲಿ ಬೈಕ್ ಓಡಿಸುವವರಿಗೆ ಟಾಪ್ ಸ್ಪೀಡ್‌ನಿಂದ ಏನೂ ಆಗಬೇಕಿಲ್ಲ. ಎರಡನೇ ಗೇರಿನಲ್ಲಿ ನಡಿಗೆಗಿಂತ ಸ್ವಲ್ಪ ಜೋರಾಗಿ ಹೋಗುತ್ತಿರುವಾಗ ಥ್ರಾಟಲ್ ತುಸು ತಿರುಗಿಸಿದರೆ ಸಾಕು, ಎಂಜಿನ್ ತಡವರಿಸದೆ ಎಳೆಯಬೇಕು. ನನ್ನದು 250 ಸಿಸಿಯ ಸಿಂಗಲ್ ಸಿಲಿಂಡರ್ ಫೋರ್‌ಸ್ಟ್ರೋಕ್ ಎಂಡ್ಯೂರೋ (ಕಾಡು, ಗುಡ್ಡದ ದಾರಿಯಲ್ಲಿ ಓಡಿಸುವ) ಬೈಕ್. ಗಾಳಿಗೆ ಪೆಟ್ರೋಲ್ ಬೆರೆಸಲು ಕೇಹಿನ್ ಕಂಪನಿಯ ಎಫ್‌ಸಿಆರ್ ಕಾರ್ಬುರೇಟರ್ ಇದೆ. ಮೇಲಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹುಚ್ಚೆದ್ದು ಓಡುತ್ತಿತ್ತು. ಕೆಳಗೆ ಮಾತ್ರ ಜೀವವೇ ಇರಲಿಲ್ಲ. ಏರಿನ ನಡುವೆ ಒಂದು ಬಂಡೆ ಅಡ್ಡ ಬಂತು ಅಂದ್ರೆ ಆಫ್ ಆಗುತ್ತಿತ್ತು, ಇಲ್ಲವೇ ಹಾಫ್ ಕ್ಲಚ್‌ನಲ್ಲೇ ಒದ್ದಾಡಬೇಕಿತ್ತು.

ಲೋ-ಎಂಡ್, ಅಂದರೆ ಕೆಳಗಿನ ಆರ್‌ಪಿಎಂನ ಎಳೆತ, ಬೇಕು ಅಂದ ಕೂಡಲೇ ಜನ ಹೇಳುವುದು ಸೈಲೆನ್ಸರ್ ಬದಲಾಯಿಸು, ಹೊಗೆ ಸಲೀಸಾಗಿ ಹೋಗುವ ಫ್ರೀ ಫ್ಲೋ ಹಾಕು ಅಂತ. ನಾನು ಅದನ್ನು ಮುಟ್ಟಲೇ ಇಲ್ಲ. ಆರ್‌ಪಿಎಂ ಕಡಿಮೆ ಇದ್ದಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯೂ ಕಡಿಮೆ. ದಾರಿ ಕಿರಿದಾಗಿದ್ದರೆ ಆ ಸ್ವಲ್ಪ ಗಾಳಿಯೇ ರಭಸವಾಗಿ ನುಗ್ಗುತ್ತದೆ, ಪೆಟ್ರೋಲ್ ಚೆನ್ನಾಗಿ ಬೆರೆಯುತ್ತದೆ, ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ಹೊರಗೆ ಹೋಗುವ ಹೊಗೆಯ ವಿಷಯವೂ ಅಷ್ಟೇ. ದೊಡ್ಡ ಬಾಯಿಯ ಕಾರ್ಬುರೇಟರ್, ದಪ್ಪ ಪೈಪ್, ರೇಸ್ ಕ್ಯಾಮ್ (ವಾಲ್ವ್ ತೆರೆದು ಮುಚ್ಚುವ ಶಾಫ್ಟ್) ಎಲ್ಲವೂ ಮೇಲಿನ ಆರ್‌ಪಿಎಂಗೆ ಮಾಡಿದವು. ರೇಸ್ ಕ್ಯಾಮ್, ಮಿಶ್ರಣವನ್ನು ಒಳಗೆ ಬಿಡುವ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ನಿಧಾನಕ್ಕೆ ಓಡುವಾಗ ಮೇಲೇರುವ ಪಿಸ್ಟನ್, ಒಳಗೆ ಬಂದ ಮಿಶ್ರಣದಲ್ಲಿ ಒಂದಷ್ಟನ್ನು ವಾಪಸ್ ತಳ್ಳಿಬಿಡುತ್ತದೆ. ಸದ್ದು ಜೋರಾದರೆ ಪವರ್ ಬಂದ ಹಾಗೆ ಅನ್ನಿಸುತ್ತದೆ, ಏರಿನಲ್ಲಿ ನೋಡಿದರೆ ಇದ್ದದ್ದೂ ಹೋಗಿರುತ್ತದೆ.

ಪರೀಕ್ಷೆಗೆ ಅಂತ ಒಂದು ಏರು ಗೊತ್ತು ಮಾಡಿಕೊಂಡೆ. ಬುಡದಲ್ಲಿ ಒಂದು ಗುರುತು. ಅಲ್ಲಿಂದ ಮೂರನೇ ಗೇರಿನಲ್ಲಿ, ಎಂಜಿನ್ ಇನ್ನೇನು ನಡುಗುತ್ತದೆ ಅನ್ನುವಷ್ಟು ನಿಧಾನಕ್ಕೆ ಹೊರಟು, ಕ್ಲಚ್ ಮುಟ್ಟದೆ ಥ್ರಾಟಲ್ ಕೊಡುವುದು. ಎಲ್ಲಿ ತಡವರಿಸಿತು, ಎಲ್ಲಿಂದ ಎಳೆಯಲು ಶುರು ಮಾಡಿತು ಅಂತ ನೋಡುವುದು. ಟೈರಿನ ಗಾಳಿ ಪ್ರತಿ ಸಲ ಅಷ್ಟೇ ಇರಬೇಕು, ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಟ್ಯೂನಿಂಗ್‌ಗೆ ಕೈ ಹಾಕುವ ಮೊದಲು ಎಂಜಿನ್ ಆರೋಗ್ಯವಾಗಿದೆಯಾ ಅಂತ ನೋಡಿದೆ. ಇಲ್ಲಿ ಸಿಕ್ಕಿದ್ದು ಜಾಸ್ತಿ. ತಣ್ಣಗಿರುವ ಎಂಜಿನ್ನಿನಲ್ಲಿ, ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿಗೆ, ಅಂದರೆ ತೀರಾ ಮೇಲಿನ ತುದಿಗೆ, ಪಿಸ್ಟನ್ ತಂದು, ಸಂದು ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್ ಹಾಕಿದೆ. ಮ್ಯಾನ್ಯುಯಲ್ ಪ್ರಕಾರ ಇನ್‌ಟೇಕ್‌ಗೆ 0.10ರಿಂದ 0.15 ಮಿಲಿಮೀಟರ್ ಕ್ಲಿಯರೆನ್ಸ್, ಅಂದರೆ ಕ್ಯಾಮ್ ಮತ್ತು ವಾಲ್ವ್ ನಡುವಿನ ಸಂದು, ಬೇಕು. ಒಂದು ವಾಲ್ವಿನಲ್ಲಿ 0.06ರ ಬ್ಲೇಡೇ ಬಿಗಿಯಾಗಿ ಜಾರುತ್ತಿತ್ತು. ಓಡಿಸಿದಂತೆ ವಾಲ್ವ್ ತನ್ನ ಸೀಟಿನೊಳಗೆ ಸವೆದು ಕೂರುತ್ತಾ ಹೋಗುತ್ತದೆ, ಕ್ಲಿಯರೆನ್ಸ್ ಕಮ್ಮಿಯಾಗುತ್ತದೆ. ಇದು ಇನ್ನೂ ಕಮ್ಮಿಯಾದರೆ ಎಂಜಿನ್ ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಕಂಪ್ರೆಷನ್ ಸೋರುತ್ತದೆ. ಜೋರಾಗಿ ಓಡುವಾಗ ಸೋರಲು ಸಮಯವೇ ಸಿಗದ ಕಾರಣ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಧಾನಕ್ಕೆ ಓಡುವಾಗಲೇ ಪೆಟ್ಟು. ಆ ಸಂದು ಹೊಂದಿಸುವ ಶಿಮ್ ಬಿಲ್ಲೆಯಲ್ಲಿ 180 (1.80 ಮಿಲಿಮೀಟರ್ ದಪ್ಪ) ಅಂತ ಗುರುತಿದ್ದದ್ದನ್ನು ತೆಗೆದು ತೆಳುವಾದ 175 ಹಾಕಿದೆ, ಕ್ಲಿಯರೆನ್ಸ್ 0.11ಕ್ಕೆ ಬಂತು. ಬಿಸಿ ಎಂಜಿನ್ ಸ್ಟಾರ್ಟ್ ಮಾಡಲು ಪಡುತ್ತಿದ್ದ ಪಾಡು ಅಲ್ಲಿಗೇ ನಿಂತಿತು.

ಕಂಪ್ರೆಷನ್ ಗೇಜ್ ಹಾಕಿ ನೋಡುವವರಿಗೆ ಒಂದು ಮಾತು. ಇಂಥ ಎಂಜಿನ್‌ಗಳಲ್ಲಿ ಸ್ಟಾರ್ಟ್ ಮಾಡುವಾಗ ಎಕ್ಸಾಸ್ಟ್ ವಾಲ್ವನ್ನು ತುಸು ಎತ್ತಿಹಿಡಿಯುವ ಆಟೋ ಡಿಕಂಪ್ರೆಷನ್ ಇರುತ್ತದೆ. ಹಾಗಾಗಿ ಗೇಜ್ ಕಡಿಮೆ ತೋರಿಸಿದ ಮಾತ್ರಕ್ಕೆ ಪಿಸ್ಟನ್ ರಿಂಗ್ ಹೋಯಿತು ಅಂತ ಹೆದರಬೇಕಿಲ್ಲ. ಸಿಲಿಂಡರಿಗೆ ಒತ್ತಡದ ಗಾಳಿ ಬಿಟ್ಟು ಎಷ್ಟು ಸೋರುತ್ತದೆ ಅಂತ ನೋಡುವ ಲೀಕ್‌ಡೌನ್ ಟೆಸ್ಟ್ ಮಾಡಿದರೆ ನಿಜ ತಿಳಿಯುತ್ತದೆ. ಗಾಳಿ ಎಲ್ಲಿಂದ ಬುಸ್ ಅನ್ನುತ್ತಿದೆ ಅಂತ ಕಿವಿಗೊಟ್ಟರೆ ಸಾಕು. ಕಾರ್ಬುರೇಟರ್ ಕಡೆಯಿಂದಾದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಿಂದಾದರೆ ಎಕ್ಸಾಸ್ಟ್ ವಾಲ್ವ್, ಎಂಜಿನ್ ಬುಡದ ಕ್ರ್ಯಾಂಕ್‌ಕೇಸಿನ ಗಾಳಿ ಕೊಳವೆಯಿಂದಾದರೆ (ಬ್ರೀದರ್) ರಿಂಗ್.

ಏರ್ ಫಿಲ್ಟರ್ ತೊಳೆದು ಎಣ್ಣೆ ಹಾಕಿ ಚೆನ್ನಾಗಿ ಹಿಂಡಿ ಕೂರಿಸಿದೆ. ಹೊಸ ಪ್ಲಗ್ ಹಾಕಿದೆ. ಈ ಎರಡರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಆಮೇಲೆ ಗೇರಿಂಗ್. ಕೊಟ್ಟ ದುಡ್ಡಿಗೆ ಇಷ್ಟು ಫಲ ಬೇರೆ ಯಾವುದರಿಂದಲೂ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಚೈನ್ ಓಡುವ ಸ್ಪ್ರಾಕೆಟ್‌ಗಳಲ್ಲಿ ಮೊದಲಿದ್ದದ್ದು ಮುಂದೆ 13, ಹಿಂದೆ 48 ಹಲ್ಲು. ಅಂದರೆ 48ನ್ನು 13ರಿಂದ ಭಾಗಿಸಿದರೆ ಅನುಪಾತ 3.69. ಮುಂದೆ 12 ಹಾಕಿದರೆ 4.00 ಆಗುತ್ತದೆ. ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಸುಮಾರು 8 ಪರ್ಸೆಂಟ್ ಜಾಸ್ತಿ, ವೇಗ ಅಷ್ಟೇ ಕಮ್ಮಿ. ಮುಂದಿನ 13 ಹಾಗೇ ಬಿಟ್ಟು ಹಿಂದೆ 52 ಹಾಕಿದರೂ ಬರುವುದು ಅದೇ 4.00. ಮುಂದಿನ ಸ್ಪ್ರಾಕೆಟ್ ಅಗ್ಗ, ಬಿಚ್ಚಿ ಹಾಕುವುದೂ ಸುಲಭ. ಆದರೆ ಅದು ಚಿಕ್ಕದಾದಷ್ಟೂ ಚೈನ್ ಜಾಸ್ತಿ ಬಾಗಬೇಕು, ಬೇಗ ಸವೆಯುತ್ತದೆ. ಸ್ವಿಂಗ್‌ಆರ್ಮ್ ಮೇಲಿನ ಚೈನ್ ಸ್ಲೈಡರ್ ಕೂಡ ಬೇಗ ತಿಂದುಹೋಗುತ್ತದೆ. ನಾನು ಮೊದಲು 12 ಹಾಕಿ ಆ ಅನುಪಾತ ಇಷ್ಟವಾಗುತ್ತದಾ ಅಂತ ನೋಡಿದೆ. ಇಷ್ಟವಾಯಿತು. ಚೈನ್ ಬದಲಿಸುವ ಸಮಯ ಬಂದಾಗ 13ಕ್ಕೆ ವಾಪಸ್ ಹೋಗಿ, ಹಿಂದೆ 52 ಹಾಕಿ, ಅದಕ್ಕೆ ತಕ್ಕ ಉದ್ದದ ಚೈನ್ ಹಾಕಿದೆ. ಹಳೇ ಚೈನ್‌ಗೇ ದೊಡ್ಡ ಸ್ಪ್ರಾಕೆಟ್ ಹಾಕಿದರೆ ಹಿಂದಿನ ಚಕ್ರ ಮುಂದಕ್ಕೆ ಬರುತ್ತದೆ, ಏರಿನಲ್ಲಿ ಮುಂದಿನ ಚಕ್ರ ಬೇಗ ಎದ್ದುಕೊಳ್ಳುತ್ತದೆ. ಕಡಿದಾದ ಏರಿನಲ್ಲಿ ಅದು ಯಾರಿಗೂ ಬೇಡ, ಅಲ್ವಾ?

ಇಷ್ಟಾದ ಮೇಲೂ ಥ್ರಾಟಲ್ ಕೊಟ್ಟ ಮೊದಲ ಕ್ಷಣದಲ್ಲಿ ಒಂದು ಸಣ್ಣ ತಡವರಿಕೆ ಉಳಿದಿತ್ತು. ಹಾಗಾಗಿ ಕಾರ್ಬುರೇಟರ್. ನನ್ನ ಪ್ರಕಾರ ಲೋ-ಎಂಡ್‌ನ ಅಸಲಿ ಕೆಲಸ ಇರುವುದೇ ಇಲ್ಲಿ, ಮತ್ತು ಅವಸರಪಟ್ಟರೆ ಕೆಡುವುದೂ ಇಲ್ಲೇ.

ಮೊದಲು ಥ್ರಾಟಲ್ ಗ್ರಿಪ್ಪಿನ ಬುಡಕ್ಕೆ ಬಿಳಿ ಟೇಪ್ ಸುತ್ತಿ, ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆದೆ. ಪಕ್ಕದ ಹೌಸಿಂಗ್ ಮೇಲೂ ಒಂದು ಗೆರೆ. ಹೆಚ್ಚು ಕಡಿಮೆ ಕಾಲು ಭಾಗದವರೆಗೆ ಪೈಲಟ್ ಜೆಟ್ (ಜೆಟ್ ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು), ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ (ಮೊನಚಾದ ಸೂಜಿ), ಅದರಾಚೆ ಮೇನ್ ಜೆಟ್ ಪೆಟ್ರೋಲ್ ಕೊಡುತ್ತವೆ. ನಡುವೆ ಒಂದರ ಕೆಲಸ ಇನ್ನೊಂದರ ಮೇಲೆ ಹಾಯುತ್ತದೆ. ಏರಿನಲ್ಲಿ ಓಡಿಸಿ ನೋಡಿದರೆ ನನ್ನ ಕೈ ಬಹುಪಾಲು ಮೊದಲ ಗೆರೆಯ ಆಚೀಚೆಯೇ ಇರುತ್ತಿತ್ತು. ಲೋ-ಎಂಡ್ ಬೇಕು ಅಂತ ಮೇನ್ ಜೆಟ್ ಬದಲಿಸುವವರು ಇದನ್ನೊಮ್ಮೆ ಮಾಡಿ ನೋಡಬೇಕು.

ಥ್ರಾಟಲ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ ಸೈಲೆನ್ಸರ್ ಪಟಪಟ ಅನ್ನುತ್ತಿತ್ತು. ನಿಂತಲ್ಲಿ ಥ್ರಾಟಲ್ ಕೊಟ್ಟು ಬಿಟ್ಟರೆ ಆರ್‌ಪಿಎಂ ತಕ್ಷಣ ಇಳಿಯದೆ ಮೇಲೇ ತೂಗಾಡುತ್ತಿತ್ತು. ಇವೆರಡೂ ಪೆಟ್ರೋಲ್ ಸಾಲುತ್ತಿಲ್ಲ ಅನ್ನುವುದರ ಲಕ್ಷಣ. ಪೆಟ್ರೋಲ್ ಜಾಸ್ತಿಯಾಗಿದ್ದರೆ ಉಲ್ಟಾ, ಆರ್‌ಪಿಎಂ ಐಡಲ್‌ಗಿಂತ (ಥ್ರಾಟಲ್ ಬಿಟ್ಟಾಗ ಇರುವ ವೇಗ) ಕೆಳಗೆ ಬಿದ್ದು ಆಮೇಲೆ ನಿಧಾನಕ್ಕೆ ಏಳುತ್ತದೆ. ಆದರೆ ಪೈಪಿನ ಜಾಯಿಂಟಿನಲ್ಲಿ ಗಾಳಿ ಸೋರಿದರೂ ಪಟಪಟ ಅನ್ನುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಬೇಕು.

ಫ್ಯೂಯಲ್ ಸ್ಕ್ರೂ ಕಾರ್ಬುರೇಟರ್ ಕೆಳಗೆ, ಎಂಜಿನ್ ಕಡೆಗಿರುತ್ತದೆ. ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಪೆಟ್ಟಿಗೆ) ಕಡೆಗಿರುವುದು ಏರ್ ಸ್ಕ್ರೂ, ಅದು ತದ್ವಿರುದ್ಧ. ಸ್ಕ್ರೂವನ್ನು ಒಳಗೆ ಮೆಲ್ಲಗೆ ತಾಗುವವರೆಗೆ ಮಾತ್ರ ತಿರುಗಿಸಬೇಕು. ಬಿಗಿ ಮಾಡಿದರೆ ಸೂಜಿಯಂಥ ತುದಿ ಹಾಳಾಗುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತಂದು, ಎಂಜಿನ್ ಬಿಸಿ ಮಾಡಿ, ಐಡಲ್ ಸ್ಥಿರವಾಗಿಟ್ಟು, ಕಾಲು ಕಾಲು ಸುತ್ತು ತಿರುಗಿಸುತ್ತಾ ಕಿವಿಗೊಟ್ಟೆ. ಆರ್‌ಪಿಎಂ ಏರುತ್ತಾ ಹೋಗಿ ಒಂದು ಕಡೆ ನಿಲ್ಲಬೇಕು. ನನ್ನದು ಮೂರು ಸುತ್ತು ಬಂದರೂ ಏರುತ್ತಲೇ ಇತ್ತು. ಎರಡೂವರೆ ಸುತ್ತು ದಾಟಿತು ಅಂದರೆ ಪೈಲಟ್ ಜೆಟ್ ಚಿಕ್ಕದು ಅಂತ ಅರ್ಥ. ಒಂದು ಸುತ್ತಿನೊಳಗೇ ನಿಂತರೆ ದೊಡ್ಡದು. 40 ತೆಗೆದು 42 ಹಾಕಿದೆ. ಈಗ ಸ್ಕ್ರೂ ಒಂದೂಮುಕ್ಕಾಲು ಸುತ್ತಿನಲ್ಲಿ ನಿಂತಿತು. ಐಡಲ್ ಕೆಳಗಿಳಿಸಿ ಸರಿ ಮಾಡಿದೆ. ಆಮೇಲೆ ನೀಡಲ್ಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿದೆ. ಕ್ಲಿಪ್ ಇಳಿದರೆ ನೀಡಲ್ ಏರುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಕಾಲು ಗೆರೆ ದಾಟುವ ಜಾಗದಲ್ಲಿದ್ದ ಒಣಕಲುತನ ಹೋಯಿತು.

ಥ್ರಾಟಲ್ಲನ್ನು ಥಟ್ಟಂತ ತೆರೆದರೆ ಮಾತ್ರ ಎಂಜಿನ್ ಇನ್ನೂ ಒಂದು ಕ್ಷಣ ಉಸಿರು ಕಟ್ಟುತ್ತಿತ್ತು. ಗಾಳಿ ಹಗುರ, ತಕ್ಷಣ ನುಗ್ಗುತ್ತದೆ. ಪೆಟ್ರೋಲ್ ಭಾರ, ಹಿಂದೆ ಬೀಳುತ್ತದೆ. ಆ ಸಂದು ತುಂಬಲಿಕ್ಕೇ ಎಫ್‌ಸಿಆರ್‌ನಲ್ಲಿ ಆಕ್ಸಿಲರೇಟರ್ ಪಂಪ್ ಇರುವುದು. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಏರ್‌ಬಾಕ್ಸ್ ರಬ್ಬರ್ ಸರಿಸಿ ಒಳಗೆ ನೋಡುತ್ತಾ ಥ್ರಾಟಲ್ ತಿರುಗಿಸಿದೆ. ಗಾಳಿಯ ದಾರಿ ತೆರೆಯುವ ಸ್ಲೈಡ್ ಎದ್ದ ಮೇಲೆ ತುಸು ತಡವಾಗಿ ಪೆಟ್ರೋಲ್ ಧಾರೆ ಹಾರುತ್ತಿತ್ತು. ಪಂಪಿನ ಲಿಂಕೇಜಿನಲ್ಲಿ ಎರಡು ತುಂಡುಗಳ ನಡುವೆ ಸ್ಪ್ರಿಂಗ್ ಇದೆ, ತಡ ಆಗುತ್ತಿದ್ದದ್ದು ಅಲ್ಲಿ. ಆ ಎರಡನ್ನೂ ಸೇರಿಸಿ ಪೆಟ್ರೋಲಿಗೆ ಹಾಳಾಗದ ಒಂದು ಓ-ರಿಂಗ್ (ರಬ್ಬರ್ ಬಳೆ) ಸುತ್ತಿದೆ. ಈಗ ಸ್ಲೈಡ್ ಕದಲಿದ ಕೂಡಲೇ ಧಾರೆ ಬರುತ್ತದೆ. ಧಾರೆ ಉದ್ದವಾಗಿ ಎಂಜಿನ್ ಗುಡುಗುಡು ಅಂದರೆ ದೊಡ್ಡ ಲೀಕ್ ಜೆಟ್ (ಹೆಚ್ಚಾದ ಪೆಟ್ರೋಲನ್ನು ವಾಪಸ್ ಬಿಡುವ ತೂತು) ಹಾಕಬೇಕಾಗುತ್ತದೆ. ನನಗೆ ಬೇಕಾಗಲಿಲ್ಲ.

ಕೊನೆಗೆ ಫ್ಲೈವೀಲ್ ವೆಯ್ಟ್, ಅಂದರೆ ಕ್ರ್ಯಾಂಕ್ ಜೊತೆ ತಿರುಗುವ ಚಕ್ರಕ್ಕೆ ಹೆಚ್ಚಿನ ತೂಕ, ಹಾಕಿದೆ. ಇದರಿಂದ ಟಾರ್ಕ್ (ತಿರುಗಿಸುವ ಬಲ) ಒಂಚೂರೂ ಹೆಚ್ಚುವುದಿಲ್ಲ. ಸಿಂಗಲ್ ಸಿಲಿಂಡರಿನಲ್ಲಿ ಒಂದು ಹೊಡೆತದಿಂದ ಮುಂದಿನ ಹೊಡೆತದವರೆಗೆ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು, ಅದರಲ್ಲಿ ಸುಮಾರು ಒಂದೂವರೆ ಸುತ್ತು ತನ್ನ ಓಟದಿಂದಲೇ. ತೂಕ ಜಾಸ್ತಿ ಇದ್ದರೆ ಆ ನಡುವೆ ಸೋತು ನಿಲ್ಲುವುದಿಲ್ಲ. ಬಂಡೆಗೆ ಚಕ್ರ ತಾಗಿದಾಗ ಆಫ್ ಆಗುವುದು ಬಹಳ ಮಟ್ಟಿಗೆ ತಪ್ಪಿತು, ಒದ್ದೆ ಬೇರಿನ ಮೇಲೆ ಚಕ್ರ ಜಾರುವುದೂ ಕಮ್ಮಿಯಾಯಿತು. ಅದೇ ತೂಕದಿಂದ ಎಂಜಿನ್ ಏರುವುದು ಸ್ವಲ್ಪ ನಿಧಾನ. ಮೋಟೋಕ್ರಾಸ್ ಓಡಿಸುವವರಿಗೆ ಇದು ಬೇಡ. ಹಾಕುವಾಗ ಫ್ಲೈವೀಲ್ ಕೂರುವ ಶಾಫ್ಟಿನ ಟೇಪರ್ (ಕಿರಿದಾಗುತ್ತಾ ಹೋಗುವ ತುದಿ) ಶುದ್ಧವಾಗಿ ಒರೆಸಿ, ನಟ್ಟನ್ನು ಟಾರ್ಕ್ ರೆಂಚ್‌ನಿಂದಲೇ ಬಿಗಿ ಮಾಡಬೇಕು, ಕವರ್‌ಗೆ ತಾಗುತ್ತದಾ ಅಂತ ಕೈಯಿಂದ ತಿರುಗಿಸಿ ನೋಡಬೇಕು.

ಈ ಸೆಟ್ಟಿಂಗ್ ನಾನು ಓಡಿಸುವ ಎತ್ತರಕ್ಕೆ ಮಾತ್ರ ಸರಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 300 ಮೀಟರಿಗೆ ಸುಮಾರು 3 ಪರ್ಸೆಂಟ್ ಪವರ್ ಕಳೆಯುತ್ತದೆ, ಅದನ್ನು ಯಾವ ಜೆಟ್ಟೂ ವಾಪಸ್ ತರುವುದಿಲ್ಲ. ಪೆಟ್ರೋಲ್ ಜಾಸ್ತಿಯಾಗುವುದನ್ನು ಮಾತ್ರ ಸರಿ ಮಾಡಬಹುದು. ಅದಕ್ಕೇ ಕೈಯಿಂದ ತಿರುಗಿಸಬಹುದಾದ ಉದ್ದ ತಲೆಯ ಫ್ಯೂಯಲ್ ಸ್ಕ್ರೂ ಹಾಕಿಸಿಕೊಂಡಿದ್ದೇನೆ. ಎತ್ತರದ ಜಾಗಕ್ಕೆ ಹೋದಾಗ ಎಂಜಿನ್ ಬಿಸಿಯಾದ ಮೇಲೆ ಅರ್ಧ ಸುತ್ತು ಒಳಗೆ ಹಾಕಿ, ಐಡಲ್ ಕೇಳಿಸಿಕೊಂಡು ಹೊರಡುತ್ತೇನೆ.